ಹಮೀದುನ್ನೀಸಾ ಬರೆದ ಸೀಲ್ ಪುಸ್ತಕ

ಸವಣೂರಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿರುವ ಹಮೀದುನ್ನೀಸಾ ಸೀಲ್ ಎಂಬ ಕಡಲಪ್ರಾಣಿಯನ್ನು ಕಣ್ಣಾರೆ ಕಂಡವಳಲ್ಲ. ಸಮುದ್ರವನ್ನು ಕಂಡದ್ದೂ ಒಮ್ಮೆ, ಕಾರವಾರದಲ್ಲಿ, ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ. ಆಗಲೂ ಮಕ್ಕಳ ತಲೆ ಎಣಿಸುವುದರಲ್ಲೇ ಹೊತ್ತು ಹೋಯಿತಂತೆ. ಅಂಥವಳು ಸೀಲ್‌ಗಳ ಮೇಲೆ ಮಕ್ಕಳಿಗಾಗಿ ನೂರು ಪುಟದ ಪುಸ್ತಕ ಬರೆದಳು. ಪ್ರಕಾಶಕರು ಹಸ್ತಪ್ರತಿಯನ್ನು ಪರಿಶೀಲನೆಗೆ ನನಗೆ ಕಳಿಸಿದರು. ನಾನು ಒಪ್ಪಿದರೆ ಅಚ್ಚು, ಇಲ್ಲವಾದರೆ ಇಲ್ಲ.

ನಾನು ಧಾರವಾಡದಲ್ಲಿ ಅವಳಿಗೆ ಪ್ರಾಣಿಶಾಸ್ತ್ರ ಕಲಿಸಿದವಳು. ಸ್ಕಾಟ್ಲೆಂಡಿನ ದಂಡೆಯಲ್ಲಿ ಎರಡು ಚಳಿಗಾಲ ಬೂದು ಸೀಲ್‌ಗಳ ಮರಿ ಎಣಿಸಿದವಳು. ಸೀಲ್‌ಗಳ ಬಗ್ಗೆ ನಾನು ಬರೆದ ಪುಸ್ತಕವನ್ನು ಇದೇ ಪ್ರಕಾಶಕರು ಮಕ್ಕಳಿಗೆ ಕಠಿಣವೆಂದು ಹಿಂದಿರುಗಿಸಿದ್ದರು. ಆದ್ದರಿಂದ ಅವಳದನ್ನು ನಾನು ಓದಿದ್ದು ಹೊಟ್ಟೆಕಿಚ್ಚಿನಿಂದ. ಅದಕ್ಕೆ ಬೇರೆ ಹೆಸರು ಕೊಡುವ ಅಗತ್ಯ ಕಾಣುವುದಿಲ್ಲ.

ಅವಳ ತಂದೆಯದು ಎಲೆತೋಟ. ಬೆಳಗಿನಲ್ಲಿ ವೀಳ್ಯದೆಲೆ ಕೊಯ್ದು, ಕಟ್ಟು ಕಟ್ಟಿ, ಆಮೇಲೆ ಶಾಲೆಗೆ ಹೋಗಿ ಬೆಳೆದವಳು. ಧಾರವಾಡದಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು, ಪ್ರಶ್ನೆ ಕೇಳುತ್ತಿರಲಿಲ್ಲ. ಸಂಶೋಧನೆ ಮಾಡಲೇ ಎಂದು ಒಮ್ಮೆ ಬಂದಾಗ, ನಿನಗೆ ಮಾಸ್ತರಿಕೆ ಸಾಕು ಎಂದೆ. ಅವಳು ಹಾಗೆಯೇ ಮಾಡಿದಳು. ಮುಂದೆ ಎಷ್ಟೋ ಸಲ ಭೇಟಿಯಾದರೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಪುಸ್ತಕ ಚೆನ್ನಾಗಿತ್ತು. ಬರೆದ ಪ್ರತಿ ಪುಟವನ್ನೂ ಅವಳು ಬಿಸಿಯೂಟ ಮಾಡುವ ವೀರವ್ವನಿಗೆ ಓದಿ ಹೇಳುತ್ತಿದ್ದಳು. ವೀರವ್ವ "ಅಂದ್ರ?" ಎಂದರೆ ಆ ಸಾಲು ಹೊಡೆದು ಮತ್ತೆ ಬರೆಯುವುದು. ಹೀಗಾಗಿ, ಟೊಪ್ಪಿಗೆ ಸೀಲ್ ತನ್ನ ಮರಿಗೆ ನಾಲ್ಕೇ ದಿನ ಹಾಲೂಡುತ್ತದೆ ಎಂಬಲ್ಲಿ, ಆ ಹಾಲಿನ ಮುಂದೆ ನಮ್ಮ ಎಮ್ಮೆಯ ಗಟ್ಟಿ ಹಾಲೂ ಮಜ್ಜಿಗೆಯಂತೆ ಎಂಬ ಮಾತು ಬಂದಿತ್ತು. ಏಡಿಭಕ್ಷಕವೆಂದು ಹೆಸರಾದ ಸೀಲ್ ಏಡಿ ತಿನ್ನುವುದಿಲ್ಲ, ಸಿಗಡಿಯಂಥ ಸಣ್ಣ ಜೀವಿಗಳನ್ನು ಹಲ್ಲಿನಲ್ಲೇ ಸೋಸಿ ತಿನ್ನುತ್ತದೆ. ಗಂಡು ಆನೆಸೀಲ್ ತನ್ನ ಹೆಣ್ಣುಗಳ ಹಿಂಡು ಕಾಯುತ್ತ ತಿಂಗಳುಗಟ್ಟಲೆ ಉಪವಾಸ ಬೀಳುತ್ತದೆ. ದಕ್ಷಿಣ ಧ್ರುವದ ವೆಡೆಲ್ ಸೀಲ್ ಉಸಿರಾಟದ ಕಂಡಿ ಹೆಪ್ಪುಗಟ್ಟದಂತೆ ಹಿಮವನ್ನು ಹಲ್ಲಿನಿಂದ ಕೆರೆದು ಕೆರೆದು ಹಲ್ಲು ಸವೆಸಿಕೊಳ್ಳುತ್ತದೆ. ಇವನ್ನೆಲ್ಲ ನಾನೂ ಬರೆದಿದ್ದೆ. ನನ್ನದರ ಎರಡನೇ ಪುಟವನ್ನು ಯಾರೂ ತಿರುವಿರಲಿಲ್ಲ.

ಆದರೆ ಒಂದು ತಪ್ಪು ಸಿಕ್ಕಿತು. ಅವಳು ಪುಸ್ತಕದುದ್ದಕ್ಕೂ ಸೀಲ್‌ಗೆ ‘ನೀರುನಾಯಿ’ ಎಂದು ಬರೆದಿದ್ದಳು. ನೀರುನಾಯಿ ನಮ್ಮ ಹೊಳೆಗಳಲ್ಲಿರುವ ಬೇರೆಯೇ ಪ್ರಾಣಿ. ಹೆಸರೇ ತಪ್ಪಿರುವ ಪುಸ್ತಕ ಮಕ್ಕಳ ಕೈಗೆ ಹೋಗತಕ್ಕದ್ದಲ್ಲ ಎಂದು ವರದಿ ಬರೆದು, ಇನ್ನೇನು ಕಳಿಸಬೇಕೆಂದಿದ್ದೆ. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ತಿದ್ದುತ್ತಿದ್ದಳು.

ಅಷ್ಟರಲ್ಲಿ ಅವಳ ಶಾಲೆಯಲ್ಲಿ ಅವಳದೇ ಉಪನ್ಯಾಸವಿತ್ತು, ನಾನೂ ಹೋಗಿದ್ದೆ. ಮುಖ್ಯೋಪಾಧ್ಯಾಯರು ಗೇಟಿನ ಫಲಕದಲ್ಲಿ ‘ಸೀಲ್‌ಗಳ ವಿವಿಧ ಪ್ರಕಾರಗಳು, ಸಾರ್ವಜನಿಕರಿಗೆ ಸ್ವಾಗತ’ ಎಂದು ಬರೆಸಿದ್ದರು. ಯಾವ ಕಾಗದಕ್ಕೆ ಯಾವ ಸೀಲ್ ಒತ್ತಬೇಕೆಂದು ಸರ್ಕಾರ ಹೊಸ ನಿಯಮ ತಂದಿದೆ ಎಂದುಕೊಂಡು, ತಹಸೀಲ್ದಾರ್ ಕಚೇರಿ ಎದುರಿನ ಬಾಂಡ್ ರೈಟರ್ ಮಹಾಲಿಂಗಪ್ಪ ಇಂಕ್ ಪ್ಯಾಡ್ ಸಮೇತ ಬಂದು ಕೂತಿದ್ದ. ವಿಷಯ ತಿಳಿದ ಮೇಲೂ ಏಳಲಿಲ್ಲ.

ಹಮೀದುನ್ನೀಸಾ ಸೀಲ್ ಎಂದರೆ ನೀರುನಾಯಿ ಎಂದು ಶುರುಮಾಡಿ, ಜೋಳದ ಚೀಲವೊಂದನ್ನು ನೆಲದ ಮೇಲೆ ಎಳೆದು ತೋರಿಸಿದಳು. ಹೊರಗಿವಿ ಇಲ್ಲದ ಸೀಲ್ ಹಿಂಗಾಲನ್ನು ಮುಂದಕ್ಕೆ ಮಡಚಲಾರದು, ಹೀಗೆ ಹೊಟ್ಟೆಯ ಮೇಲೆ ತೆವಳುತ್ತದೆ. ಹೊರಗಿವಿ ಇರುವ ಕಡಲಸಿಂಹ ನಾಲ್ಕೂ ಕಾಲೂರಿ ನಡೆಯುತ್ತದೆ ಎಂದಳು. ಮಕ್ಕಳು ತೆವಳಿ ನೋಡಿದರು. ನನ್ನ ತರಗತಿಯಲ್ಲಿ ಯಾರೂ ತೆವಳಿದ್ದಿಲ್ಲ.

ಆಗ ಮಹಾಲಿಂಗಪ್ಪ ಎದ್ದು ನಿಂತ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಮ್ಮೂರು ಹಾನಗಲ್ಲ ಕಡೆ, ವರದಾ ಹೊಳಿ ದಂಡಿಮ್ಯಾಗ. ನೀರುನಾಯಿ ನಾ ಸಣ್ಣಾಂವ ಇದ್ದಾಗಿಂದ ನೋಡೇನಿ. ಉದ್ದನ ಬಾಲ ಇರತೈತಿ, ದಂಡಿಗೆ ಬಂದು ನಾಯಿಗತೆ ಓಡತಾವು. ನೀವು ಹೇಳಾಕತ್ತಿದ್ದು ಚೀಲ ಎಳದಂಗ ತೆವಳತೈತಿ. ಎರಡೂ ಒಂದ ಹ್ಯಾಂಗ ಆದಾವ್ರಿ?"

ಅವಳು ಚೀಲ ಕೆಳಗಿಟ್ಟಳು. ನಕ್ಕಳು.

"ಆಗಂಗಿಲ್ಲ, ಕಾಕಾರ. ತಪ್ಪು ನಂದ. ಸೀಲ್ ಅಂತ ಬರದ್ರ ಎಲ್ಲಾರೂ ನಿಮ್ಹಂಗ ಇಂಕ್ ಪ್ಯಾಡ್ ತರತಾರ ಅಂತ ಅಂಜಿ, ನೀರುನಾಯಿ ಅಂದೆ."

ಎಲ್ಲರೂ ನಕ್ಕರು, ಮಹಾಲಿಂಗಪ್ಪನೂ. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಮೇಡಂ, ಪುಸ್ತಕ ನಿಮ್ಮ ಕಡೆ ಮೂರು ವಾರದಿಂದ ಐತಿ. ಇದು ನಿಮ್ಮ ಕಣ್ಣಿಗೆ ಬಿದ್ದಿಲ್ಲೇನ್ರಿ?"

"ಬಿದ್ದದ. ವರದಿಯೊಳಗ ಬರದೇನಿ."

ಅವಳು ನನ್ನನ್ನೇ ನೋಡಿದಳು. ಚೀಲ ಎತ್ತಿಕೊಂಡು ಪಾಠ ಮುಂದುವರಿಸಿದಳು.

ಭಾನುವಾರ ಹಸ್ತಪ್ರತಿಯ ಇನ್ನೊಂದು ಪ್ರತಿ ಹಿಡಿದು ನನ್ನ ಮನೆಗೆ ಬಂದಳು. ಎಲ್ಲೆಡೆ ‘ನೀರುನಾಯಿ’ಗೆ ಗೀಟು ಬಿದ್ದಿತ್ತು. ಮೊದಲ ಪುಟದಲ್ಲಿ ಹೊಳೆಯ ನೀರುನಾಯಿಗೂ ಕಡಲ ಸೀಲ್‌ಗೂ ಇರುವ ಭೇದ ಹೇಳುವ ಹೊಸ ಪ್ಯಾರಾ ಇತ್ತು, ಮಹಾಲಿಂಗಪ್ಪನ ಹೆಸರಿನೊಂದಿಗೆ. ಅವಳನ್ನು ಕೂರಿಸಿ, ಇನ್ನೊಂದು ತಪ್ಪಿಗಾಗಿ ಹತ್ತು ಗಂಟೆಯಿಂದ ಒಂದರವರೆಗೆ ಹುಡುಕಿದೆ. ವಾಲ್ರಸ್ಸಿನ ಕೋರೆಹಲ್ಲಿನ ಪುಟವನ್ನು ಎರಡು ಸಲ ಓದಿದೆ. ಸಿಗಲಿಲ್ಲ. ಮೊದಲಿನ ವರದಿಗೆ ಆಧಾರ ಉಳಿದಿರಲಿಲ್ಲ. ಹೊಸ ಹಾಳೆಯಲ್ಲಿ ‘ಈ ಪುಸ್ತಕವನ್ನು ಪ್ರಕಟಿಸಬಹುದು’ ಎಂದು ಬರೆದು ಅವಳ ಮುಂದೆ ಇಟ್ಟೆ.

ಓದಿ, ಹಾಳೆಯನ್ನು ನನ್ನ ಕಡೆಗೇ ಸರಿಸಿದಳು.

"‘ಬಹುದು’ ಅಂದ್ರ, ಬಿಟ್ರೂ ನಡೀತೈತಿ ಅಂತಾರ್ರಿ. ‘ಬೇಕು’ ಅಂತ ಬರೀರಿ, ಮೇಡಂ."

‘ಬಹುದು’ ಹೊಡೆದು, ಮೇಲೆ ‘ಬೇಕು’ ಎಂದು ಬರೆದು ಸಹಿ ಮಾಡಿ ಕೊಟ್ಟೆ.