ಎಂಟೂಕಾಲು ಅಡಿಯ ರಿಂಗು

ನಾನು ಗಲ್ಫಿನ ಮುಸಫ್ಫಾದಲ್ಲಿ ಹಳೆಯ ಆಫೀಸು ಮೇಜು, ಕುರ್ಚಿ ಕೊಂಡು ಮಾರುವವನು. ಮೊದಲು ಹೇಳಿದ ಬೆಲೆಗೆ ಈ ಊರಿನಲ್ಲಿ ಒಂದು ಚಾಪೆಯನ್ನೂ ಕೊಂಡವನಲ್ಲ. ಊರಿಂದ ಹೊಸಬರು ಬಂದರೆ ಇವತ್ತಿಗೂ ಕೂರಿಸಿಕೊಂಡು ಹೇಳುತ್ತೇನೆ: ಬೆಲೆ ಕೇಳಿದ ಮೇಲೆ ಸುಮ್ಮನಿರಿ, ಬಾಗಿಲ ಕಡೆ ಎರಡು ಹೆಜ್ಜೆ ಇಡಿ, ಅವನೇ ಕರೆಯುತ್ತಾನೆ. ಈ ಬುದ್ಧಿಯಿಂದಲೇ ಅಂಗಡಿ ಕಟ್ಟಿದೆ. ಮಗಳ ಆಟ ಕೆಡಿಸಿದ್ದೂ ಇದರಿಂದಲೇ.

ಹನ್ನೆರಡು ತುಂಬಿದಾಗ ಅವಳಿಗೆ ಬಾಸ್ಕೆಟ್‌ಬಾಲಿನ ಹುಚ್ಚು ಹಿಡಿಯಿತು. ಅಮೆರಿಕದಲ್ಲಿ ರಾತ್ರಿ ಆಡುವ ಪಂದ್ಯ ನಮಗೆ ಬೆಳಗಾಗುವಾಗ ಬರುತ್ತದೆ. ಒಂದು ಕೈಯಲ್ಲಿ ದೋಸೆ, ಇನ್ನೊಂದರಲ್ಲಿ ಫೋನು. ಶಾಲೆಯ ಬಸ್ಸು ಎರಡು ಸಲ ಹಾರ್ನ್ ಹೊಡೆಯದೆ ಏಳುತ್ತಿರಲಿಲ್ಲ. ಶಾಲೆಯಲ್ಲಿ ಆಡಲು ಜಾಗವಿರಲಿಲ್ಲ. "ಅಪ್ಪಾ, ಮನೆ ಹಿಂದೆ ಒಂದು ರಿಂಗ್ ಹಾಕಿಕೊಡಿ, ಪ್ಲೀಸ್. ಟೆನ್ ಫೀಟ್ ಇರ್ಬೇಕು" ಎಂದಳು.

ಅಂಗಡಿಯ ಪಕ್ಕದ ವೆಲ್ಡರ್ ನಮ್ಮ ಉಡುಪಿ ಕಡೆಯವನು.

"ಅಣ್ಣಾ, ಪೈಪ್ ಬರುವುದು ಆರು ಮೀಟರ್. ಹುಗಿಯುವುದಕ್ಕೂ ಸೇರಿಸಿ ನಾಲ್ಕಕ್ಕೆ ಕತ್ತರಿಸುವ."

"ಉಳಿದ ಎರಡು ಮೀಟರ್ ನಿನ್ನ ಮಾವನ ಮನೆಗಾ? ಸಮಾ ಎರಡು ತುಂಡು ಮಾಡು. ಒಂದು ರಿಂಗಿಗೆ, ಒಂದು ನನ್ನ ಅಂಗಡಿ ಬೋರ್ಡಿಗೆ. ಖಲಾಸ್."

"ರಿಂಗ್ ಗಿಡ್ಡ ಆಗ್ತದೆ ಮಾರಾಯ್ರೆ."

"ಅವಳೂ ಗಿಡ್ಡವೇ ಅಲ್ವಾ? ನೀನು ಕತ್ತರಿಸು."

ಅರ್ಧ ಮೀಟರ್ ನೆಲದೊಳಗೆ ಹೋಗಿ ಮೇಲೆ ಉಳಿದದ್ದು ಎಂಟೂಕಾಲು ಅಡಿ. "ಹತ್ತು ಇದೆಯಾ?" ಎಂದು ಮಗಳು ಕೇಳಿದಳು. "ಹತ್ತೇ ಹತ್ತು" ಎಂದೆ, ಗಿರಾಕಿಗೆ ಹೇಳುವ ಹಾಗೆಯೇ.

ಎರಡು ವರ್ಷ ಅವಳು ಅದಕ್ಕೇ ಎಸೆದಳು. ಬೇಸಿಗೆಯ ಸಂಜೆ ಬೆವರಿಗೆ ಚೆಂಡು ಜಾರುತ್ತಿತ್ತು, ಒರೆಸಿಕೊಂಡು ಮತ್ತೆ ಎಸೆಯುತ್ತಿದ್ದಳು. ಕೊನೆಕೊನೆಗೆ ಹತ್ತಕ್ಕೆ ಒಂಬತ್ತು ಒಳಗೇ. ಸುಳ್ಳು ಹೇಳಿದ್ದು ನನಗೆ ಮರೆತೇಹೋಗಿತ್ತು.

ಕ್ಲಬ್ಬೊಂದು ಹುಡುಗಿಯರ ತಂಡಕ್ಕೆ ಆಯ್ಕೆ ಇಟ್ಟಿತು. ಒಬ್ಬೊಬ್ಬರಿಗೆ ಹತ್ತು ಎಸೆತ. ಅವಳ ಮೊದಲ ಚೆಂಡು ರಿಂಗಿನ ಕೆಳಗೇ ಹಾದುಹೋಯಿತು. ಎರಡನೆಯದು ಬಲೆಗೆ ತಾಗಿತು, ಅಷ್ಟೆ. ಅವಳು ತಲೆಯೆತ್ತಿ ರಿಂಗನ್ನೇ ನೋಡುತ್ತ ನಿಂತಳು. ಗ್ಯಾಲರಿಯಲ್ಲಿ ಕೂತಿದ್ದ ನನಗೆ ಆಗ ಆ ಪೈಪು ನೆನಪಾಯಿತು. ಹತ್ತರಲ್ಲಿ ಒಂದೂ ಬೀಳಲಿಲ್ಲ.

ಮನೆಗೆ ಬಂದವಳೇ ನನ್ನ ಟೂಲ್ ಬಾಕ್ಸಿನಿಂದ ಟೇಪ್ ತೆಗೆದು, ಕುರ್ಚಿ ಹತ್ತಿ ಅಳೆದಳು.

"ಅಪ್ಪಾ, ನಿಮಗೆ ಗೊತ್ತಿತ್ತಾ?"

"ಸ್ವಲ್ಪ ಹೆಚ್ಚು ಕಮ್ಮಿ ಆಗಿರಬಹುದು..." ಎಂದು ಶುರು ಮಾಡಿದೆ. ಯಾರ ಹತ್ತಿರವೂ ನನ್ನ ಮಾತು ಸೋತದ್ದಿಲ್ಲ. ಅವಳು ವಾದಿಸಲೇ ಇಲ್ಲ. ಟೇಪ್ ಸುತ್ತಿ ಇದ್ದಲ್ಲೇ ಇಟ್ಟು ಒಳಗೆ ಹೋದಳು.

ಬೆಲೆಗೆ ಎಷ್ಟು ಬೇಕಾದರೂ ಎಳೆದಾಡಿ, ಅಳತೆಗೆ ಎಳೆದಾಡಬೇಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಹೇಳಿ ನನಗೇನೂ ಸಿಗುವುದಿಲ್ಲ.

ಮರುವಾರವೇ ಸರಿಯಾಗಿ ಹತ್ತು ಅಡಿಗೆ ಹೊಸ ಕಂಬ ಹಾಕಿಸಿದೆ, ಒಂದು ಮಾತೂ ಚೌಕಾಸಿ ಮಾಡದೆ. ವೆಲ್ಡರೇ ಗಾಬರಿಯಾದ. ಟೇಪ್ ಹಿಡಿದು ಮಗಳನ್ನು ಕರೆದೆ: "ಬಾ, ನೀನೇ ಅಳೆದು ನೋಡು."

"ನೋ ನೀಡ್, ಅಪ್ಪಾ. ಇರ್ತದೆ."

ಅವಳು ಹೊರಗೆ ಬರಲಿಲ್ಲ. ಈಗ ಬೆಳಿಗ್ಗೆ ದೋಸೆ ತಿನ್ನುವಾಗ ಫೋನು ಮುಟ್ಟುವುದಿಲ್ಲ. ಬಸ್ಸು ಹಾರ್ನ್ ಹೊಡೆಯುವ ಮೊದಲೇ ಗೇಟಿನ ಹೊರಗೆ ನಿಂತಿರುತ್ತಾಳೆ.