ಕೀಮೋಗೆ ಮೊದಲೇ ಬೋಳಿಸಿದ ತಲೆ

ಕರುಳಿನ ಗಡ್ಡೆ ತೆಗೆದಿದ್ದರು. ಇನ್ನು ಆರು ತಿಂಗಳು ಕೀಮೋ ಎಂದುಕೊಂಡು, ಕೂದಲು ಉದುರುವ ಮೊದಲೇ ತಲೆ ಬೋಳಿಸಿಕೊಂಡು ಆಸ್ಪತ್ರೆಗೆ ಹೋದೆ. ಪೀಣ್ಯದ ಕಾರ್ಖಾನೆಯಲ್ಲಿ ಕೆಡುವ ಮೊದಲೇ ಬೇರಿಂಗ್ ಬದಲಿಸುತ್ತಿದ್ದವನು ನಾನು.

ಡಾಕ್ಟರಮ್ಮ ನನ್ನ ತಲೆ ನೋಡಿದರು. "ತಿರುಪತಿಗೆ ಹೋಗಿದ್ರಾ ಸಾರ್?"

"ಇಲ್ಲ. ಕೀಮೋಗೆ ರೆಡಿಯಾಗಿ ಬಂದೆ."

ಅವರು ರಿಪೋರ್ಟ್ ತೆರೆದರು. "ಗಡ್ಡೆಯಲ್ಲಿ ಡಿಎನ್‌ಎ ತಪ್ಪುಗಳನ್ನ ರಿಪೇರಿ ಮಾಡೋ ಜೀನ್ ಕೆಟ್ಟಿಲ್ಲ, ಮೆತಿಲೇಷನ್ ಆಗಿ, ಅಂದ್ರೆ ಅದರ ಮೇಲೆ ಒಂದು ರಾಸಾಯನಿಕ ಗುರುತು ಕೂತು, ಆಫ್ ಆಗಿದೆ. ಇಂಥ ಗಡ್ಡೆಗೆ ಮಾಮೂಲಿ ಕೀಮೋ ಅಷ್ಟಾಗಿ ಕೆಲಸ ಮಾಡಲ್ಲ. ನಿಮ್ಮದು ಹರಡಿಯೂ ಇಲ್ಲ. ಕೀಮೋ ಬೇಡ."

"ಆಫ್ ಮಾಡಿದ್ದು ಯಾರು?" ಎಂದೆ. ನಮ್ಮಲ್ಲಿ ಮೆಷಿನ್ ಆಫ್ ಮಾಡಿದವನು ಸ್ವಿಚ್ಚಿಗೆ ತನ್ನ ಹೆಸರಿನ ಚೀಟಿ ಕಟ್ಟಲೇಬೇಕಿತ್ತು.

"ವಯಸ್ಸು ಸಾರ್," ಎಂದು ನಕ್ಕರು.

ಈಗ ಬರೀ ಚೆಕಪ್‌ಗೆ ಹೋಗುತ್ತೇನೆ. ಗಡ್ಡೆ ಮತ್ತೆ ಬಂದಿಲ್ಲ. ಕೂದಲು ಬಂದಿದೆ.