ಎಲೆ ಮುಚ್ಚಿಟ್ಟ ತಟ್ಟೆ

ಸ್ಯಾಮ್ಸನ್ ಕೊಲ್ಲಿಯಲ್ಲಿ ಐಸಿಲ್ಡಾ ಪ್ಲಮರ್ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಮಿಸ್ ಐಸಿ ಅನ್ನಿ, ಬೀದಿ ನಾಯಿಯೂ ದಾರಿ ತೋರಿಸುತ್ತದೆ. ಮೂವತ್ತೊಂದು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಕಡಲಂಚಿನ ಕಾಡುಬಾದಾಮಿ ಮರದ ಕೆಳಗೆ ಅವಳು ಒಲೆ ಹೂಡಿದವಳು. ಮೂರು ಕಲ್ಲು, ಅದರ ಮೇಲೆ ಇಬ್ಬರು ಹಿಡಿದು ಎತ್ತಬೇಕಾದ ಕಬ್ಬಿಣದ ಪಾತ್ರೆ. ಇದಕ್ಕೆ ನಮ್ಮಲ್ಲಿ ದೋಣಿ ನಡೆಸುವುದು ಅನ್ನುತ್ತಾರೆ. ದೋಣಿ ನೀರಿಗಿಳಿಸುವಾಗ ದಂಡೆಯಲ್ಲಿದ್ದವರೆಲ್ಲ ಒಂದೊಂದು ಕೈ ಹಚ್ಚುತ್ತಾರಲ್ಲ, ಹಾಗೆ. ಒಬ್ಬ ಮೀನು ತರುತ್ತಾನೆ, ಒಬ್ಬಳು ತೆಂಗಿನಕಾಯಿ, ಮತ್ತೊಬ್ಬ ಬಾಳೆಕಾಯಿ, ಗುಡ್ಡದ ಮೇಲಿನವರು ಗೆಡ್ಡೆ, ಜೀಗುಜ್ಜೆ. ಎಲ್ಲ ಒಂದೇ ಪಾತ್ರೆಗೆ ಬೀಳುತ್ತದೆ, ತೆಂಗಿನ ಹಾಲಿನಲ್ಲಿ ಕುದಿಯುತ್ತದೆ.

ಕಟ್ಟಳೆ ಒಂದೇ. ಪಾತ್ರೆಗೆ ಹಾಕಿದವನಿಗೆ ತಟ್ಟೆ ಉಂಟು. ಏನು ಹಾಕಿದೆ, ಎಷ್ಟು ಹಾಕಿದೆ ಎಂದು ಕೇಳುವ ಹಾಗಿಲ್ಲ. ಒಂದು ಸಲ ಒಬ್ಬ ಕುಡುಕ ಬಂದು ಜೇಬೆಲ್ಲ ತಡಕಾಡಿ ಕೊನೆಗೆ ಒಂದು ಬೆಂಕಿಪೊಟ್ಟಣ ಕೊಟ್ಟ. ಮಿಸ್ ಐಸಿ ಅದರಿಂದಲೇ ಒಲೆ ಹಚ್ಚಿ ಅವನಿಗೂ ತಟ್ಟೆ ತುಂಬಿದಳು. ಹಾಕಿದವನು ಉಣ್ಣುವ ಹೊತ್ತಿಗೆ ಇಲ್ಲದಿದ್ದರೆ ಅವನ ತಟ್ಟೆಗೆ ಅಗಲವಾದ ಬಾದಾಮಿ ಎಲೆ ಮುಚ್ಚಿ ಮರದ ಬುಡದಲ್ಲಿ ಇಡುತ್ತಿದ್ದಳು. ಆ ತಟ್ಟೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ, ಹೆಸರಿಗೊಂದು ಅಂಗೈಯಗಲ ನೆಲವೂ ಇರಲಿಲ್ಲ. ಅವಳ ಪಾಲಿಗೆ ಇದ್ದ ಹೆಮ್ಮೆ ಇದೊಂದೇ: ಇಷ್ಟು ವರ್ಷದಲ್ಲಿ ಒಂದು ತಟ್ಟೆಯೂ ತಪ್ಪಿಲ್ಲ.

ಆ ಎಲೆ ಮುಚ್ಚಿದ ತಟ್ಟೆ ಹೆಚ್ಚಾಗಿ ಫಾನ್ಸೊನದು. ಅಲ್ಫಾನ್ಸೊ, ಊರಿನ ಕಿರಿಯರಿಗೆ ಮಾಸ್ ಫಾನ್ಸೊ. ಒಂದು ಕಾಲದಲ್ಲಿ ಈ ದಂಡೆಯಲ್ಲಿ ಅವನಷ್ಟು ಆಳಕ್ಕೆ ಮುಳುಗುವವರಿರಲಿಲ್ಲ. ಬಾಯಲ್ಲಿ ಗಾಳಿಯ ಕೊಳವೆ ಕಚ್ಚಿಕೊಂಡು ಸಿಗಡಿ ಹಿಡಿಯಲು ಇಳಿಯುತ್ತಿದ್ದ. ಒಂದು ದಿನ ದೋಣಿಯಲ್ಲಿದ್ದ ಗಾಳಿಯೂದುವ ಯಂತ್ರ ಕೆಟ್ಟು ಗಾಳಿ ನಿಂತಿತು, ಇವನು ಒಮ್ಮೆಲೇ ಮೇಲೆ ಬಂದ. ಆಳದಿಂದ ಹಾಗೆ ದಿಢೀರನೆ ಬಂದರೆ ಮೈ ತಡೆಯುವುದಿಲ್ಲ, ಕಾಲುಗಳೆರಡರ ಸ್ವಾಧೀನ ಅವತ್ತೇ ಹೋಯಿತು. ಊರುಗೋಲಿನ ಮೇಲೆ ದೇಹ ಎಳೆಯುವುದನ್ನು ಕಲಿಯಲು ಎರಡು ವರ್ಷ ಹಿಡಿಯಿತು. ಆಮೇಲೆ ದಂಡೆಯ ಮೇಲೇ ತಗಡಿನ ಗುಡಿಸಲು ಹಾಕಿಕೊಂಡು, ತಂತಿಯಿಂದ ಮೀನು ಹಿಡಿಯುವ ಬುಟ್ಟಿ ಹೆಣೆಯುತ್ತ ಕೂತ; ಕೈಯಲ್ಲಿದ್ದ ಬುಟ್ಟಿ ಮುಗಿಯದೆ ಊಟಕ್ಕೂ ಏಳುತ್ತಿರಲಿಲ್ಲ. ಬೆಸ್ತರು ಕೂಲಿಯಾಗಿ ಮೀನು ಕೊಡುತ್ತಿದ್ದರು, ಶನಿವಾರದ ಮೀನು ನೇರವಾಗಿ ಪಾತ್ರೆಗೆ. ಮೀನಿಲ್ಲದ ವಾರ ಗುಡಿಸಲ ಪಕ್ಕದ ಡಬ್ಬಿಯಲ್ಲಿ ಬೆಳೆದ ಒಂದು ಎಸಳು ಈರುಳ್ಳಿ ಸೊಪ್ಪು. ಹಾಕದೆ ಒಂದು ದಿನವೂ ಉಂಡವನಲ್ಲ.

"ಏ ಐಸಿ, ಇವತ್ತು ನನ್ ಪಾಲು ಈ ಸೊಪ್ಪು. ತಟ್ಟೇಲಿ ಮೀನಿನ ತಲೆ ಇಲ್ದಿದ್ರೆ ನೋಡು ಮತ್ತೆ."

"ಸೊಪ್ಪು ಹಾಕಿ ತಲೆ ಕೇಳ್ತೀಯಲ್ಲೋ, ನಿನ್ ತಲೇನೇ ಹಾಕ್ತೀನಿ ಬಾ, ಅದೂ ಟೊಳ್ಳೇ."

ಇಬ್ಬರ ನಡುವೆ ಏನಾದರೂ ಇದೆಯೇ ಎಂದು ಊರು ಬಹಳ ದಿನ ಕಿವಿ ನಿಮಿರಿಸಿತ್ತು. ಬೈಗುಳ ಬಿಟ್ಟು ಬೇರೇನೂ ಕೇಳದೆ ಸುಮ್ಮನಾಯಿತು. ಊರಿಗೆ ಅಷ್ಟೇ ಬುದ್ಧಿ.

ಒಂದು ಫೆಬ್ರವರಿಯ ಶನಿವಾರ ನಾಲ್ವರು ಪರದೇಶದವರು ಕಾಲುದಾರಿಯಲ್ಲಿ ಇಳಿದು ಬಂದರು. ರಸ್ತೆಯಂಚಿನ ಬಾಡಿಗೆ ಕೋಣೆಗಳಲ್ಲಿ ಇಳಿದುಕೊಂಡಿದ್ದವರು. ಅವರಲ್ಲೂ ಒಬ್ಬರಿಗೊಬ್ಬರು ಹೊಸಬರು, ಹಿಂದಿನ ದಿನವಷ್ಟೇ ಗುರುತಾದವರು. ಅಡುಗೆಯ ವಾಸನೆ ಹಿಡಿದು ಬಂದಿದ್ದರು. ಮಿಸ್ ಐಸಿ ಸೊಂಟದ ಮೇಲೆ ಕೈಯಿಟ್ಟು ಕಟ್ಟಳೆ ಹೇಳಿದಳು. ಒಬ್ಬಳು ಬಿಸ್ಕತ್ತು ಕೊಟ್ಟಳು, ಇಬ್ಬರು ಓಡಿ ಹೋಗಿ ಅಂಗಡಿಯಿಂದ ಉಪ್ಪುಮೀನು ತಂದರು. ನಾಲ್ಕನೆಯವನು, ಲ್ಯೂಕಸ್ ಎಂಬ ಉದ್ದನೆಯ ಹುಡುಗಮೋರೆಯ ಗಂಡಸು, ಚೀಲದಿಂದ ಡಬ್ಬಿಯಲ್ಲಿ ತುಂಬಿದ ತೆಂಗಿನ ಹಾಲು ತೆಗೆದ. ಸುತ್ತ ನೂರು ತೆಂಗಿನಮರ ನಿಂತಿದ್ದವು.

"ಸಮುದ್ರಕ್ಕೆ ಉಪ್ಪು ತಂದವ್ನೆ ನೋಡೇ ಐಸಿ!" ಎಂದ ಫಾನ್ಸೊ. ದಂಡೆಯೆಲ್ಲ ನಕ್ಕಿತು. ಲ್ಯೂಕಸ್ ಕೂಡ ನಕ್ಕ, ಕಿವಿ ಕೆಂಪಾದವು. ಮಿಸ್ ಐಸಿ ಮಾತ್ರ ಡಬ್ಬಿ ತೆರೆದು ಕೊನೆಯ ತೊಟ್ಟಿನವರೆಗೂ ಪಾತ್ರೆಗೆ ಸುರಿದಳು.

ಅವತ್ತಿನ ಊಟ ಸೊಗಸಾಗಿತ್ತು, ಅದನ್ನು ಸುಳ್ಳೆನ್ನಲಾರೆ. ಲ್ಯೂಕಸ್ ಕೈಗೆ ಎಣ್ಣೆ ಹಚ್ಚದೆ ಬಾಳೆಕಾಯಿ ಸುಲಿಯಲು ಕೂತು ಹತ್ತೂ ಬೆರಳು ಕಪ್ಪು ಮಾಡಿಕೊಂಡ. ಮಿಸ್ ಐಸಿ ಬೈಯುತ್ತಲೇ ನಿಂಬೆಹೋಳಿನಿಂದ ಅವನ ಕೈ ಉಜ್ಜಿದಳು. ಹರಿದ ಬಲೆಯ ಮೇಲೆ ಎಲ್ಲರೂ ಒತ್ತೊತ್ತಾಗಿ ಕೂತು, ಒಬ್ಬರ ತಟ್ಟೆಯ ಮೀನು ಇನ್ನೊಬ್ಬರು ಕಿತ್ತು, ಮೆಣಸಿನ ಖಾರಕ್ಕೆ ಪರದೇಶದವರು ಕಣ್ಣೀರು ಸುರಿಸಿ, ಬೆಸ್ತರು ಅವರ ಬೆನ್ನು ತಟ್ಟಿದರು. ಉಳಿದ ಮೂವರು ಮರುದಿನ ಹೊರಟುಹೋದರು. ಲ್ಯೂಕಸ್ ಮತ್ತೆ ನಾಲ್ಕು ಶನಿವಾರ ಬಂದ. ಪ್ರತಿಸಲ ಏನಾದರೂ ಹಾಕಿದ.

ಉಂಡಾದ ಮೇಲೆ ಅವನು ಅವಳೊಂದಿಗೆ ದಂಡೆಯಲ್ಲಿ ಅಡ್ಡಾಡುತ್ತಿದ್ದ, ಕೇಳುತ್ತಿದ್ದ. ಅವಳು ಹೇಳುತ್ತಿದ್ದಳು. ಮರಳಲ್ಲಿ ಸಿಹಿನೀರಿನ ಒರತೆ ಎಲ್ಲಿ ಏಳುತ್ತದೆ, ಬಿರುಗಾಳಿಯ ವರ್ಷ ಕಡಲು ಎಲ್ಲಿಯವರೆಗೆ ಬಂದಿತ್ತು, ಬಂಡೆಯಿಲ್ಲದ ಮೆತ್ತನೆಯ ತಳ ಯಾವ ಕಡೆ, ಎಲ್ಲ. ಈ ನೆಲದ ಕಾಗದ ಯಾರ ಹತ್ತಿರ ಇದೆ ಎಂದು ಕೇಳಿದ. ಯಾರ ಹತ್ತಿರವೂ ಇಲ್ಲ, ನಮ್ಮಜ್ಜಿಯ ಕಾಲದಿಂದ ಹೀಗೇ ಕೂತಿದ್ದೇವೆ ಎಂದಳು. ಅವನು ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದ. ಮರದ ಚಿತ್ರ ಬರೆಯುತ್ತಿದ್ದಾನೆ, ಪಾಪ, ಅಂದುಕೊಂಡಳು.

"ಅವ್ನಿಗ್ಯಾಕೆ ಅದೆಲ್ಲ ಹೇಳ್ದೆ?" ಎಂದು ಫಾನ್ಸೊ ಕೇಳಿದ.

"ಪಾತ್ರೆಗೆ ಹಾಕಿದಾನಲ್ಲೋ."

"ಹಾಕಿದ್ರೆ?"

"ಹಾಕ್ದೋನ ಹತ್ರ ಬಚ್ಚಿಡೋದೇನಿದೆ? ನಮ್ಮೋನೇ ಅಲ್ವಾ."

ಈ ತಪ್ಪನ್ನು ನಮ್ಮ ಕೊಲ್ಲಿಯವರು ಬಿಟ್ಟರೆ ಬೇರೆ ಯಾರೂ ಮಾಡುವುದಿಲ್ಲ. ಉಂಡ ಮನೆಯ ಜಂತೆ ಎಣಿಸುವವರು ಲೋಕದಲ್ಲಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಎಣಿಸುವವನು ತಾನೂ ಪಾತ್ರೆಗೆ ಹಾಕಿ, ಬೆರಳು ಕಪ್ಪು ಮಾಡಿಕೊಂಡು, ನಗುನಗುತ್ತ ಎಣಿಸುತ್ತಾನೆಂದು ಗೊತ್ತಿರಲಿಲ್ಲ.

ಇಪ್ಪತ್ತು ತಿಂಗಳ ಮೇಲೆ ದಂಡೆಗೆ ಹೋಟೆಲು ಕಟ್ಟುವವರ ಬೇಲಿ ಬಂತು. ಗುಡಿಸಲುಗಳು ಹೋದವು. ಬೆಸ್ತರಿಗೆ ಹನ್ನೆರಡು ಮೈಲಿ ಆಚೆಯ ಇನ್ನೊಂದು ಕೊಲ್ಲಿ ತೋರಿಸಿದರು, ಅವರು ದೋಣಿ ಸಮೇತ ಚದುರಿದರು. ಫಾನ್ಸೊ ರಸ್ತೆಯಾಚೆ ತಂಗಿಯ ಮಗಳ ಮನೆಯ ಹಿಂದಿನ ಕೋಣೆ ಸೇರಿದ. ಹೋಟೆಲಿನ ಗೇಟಿನ ಮುಂದೆ ದೊಡ್ಡ ಫಲಕ ನಿಂತಿತು. ಅದರಲ್ಲಿ ಕಾಡುಬಾದಾಮಿ ಮರವಿತ್ತು, ಮೂರು ಕಲ್ಲಿನ ಒಲೆಯಿತ್ತು, ತಲೆಗೆ ಬಟ್ಟೆ ಕಟ್ಟಿ ಸೊಂಟದ ಮೇಲೆ ಕೈಯಿಟ್ಟ ಹೆಂಗಸೂ ಇದ್ದಳು. ಕೆಳಗೆ, ಹೋಟೆಲಿನ ನಕ್ಷೆ ಬರೆದವನೆಂದು, ಲ್ಯೂಕಸ್‌ನ ಹೆಸರು. ಮನುಷ್ಯ ಮಾತ್ರ ಮತ್ತೆ ಕಾಣಲಿಲ್ಲ. ಮಿಸ್ ಐಸಿ ಆ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ಫಾನ್ಸೊನ ಕೋಣೆಗೆ ಹೋಗಿ, "ಬೈಯಿ ನನ್ನ," ಎಂದಳು.

"ಬೈದ್ರೆ ಬೇಲಿ ಬೀಳತ್ತಾ?" ಎಂದ ಅವನು, ತಂತಿ ಹೆಣೆಯುತ್ತಲೇ.

ರಸ್ತೆಯ ಬದಿಯಲ್ಲಿ ಒಂದು ಶನಿವಾರ ಒಲೆ ಹೂಡಿ ನೋಡಿದಳು. ಮೂವರು ಬಂದರು. ಮೀನಿರಲಿಲ್ಲ. ಲಾರಿಯ ಧೂಳು ಬಿದ್ದ ನೀರುನೀರು ಸಾರನ್ನು ನಾಲ್ಕು ಜನ ಮಾತಿಲ್ಲದೆ ಕುಡಿದೆದ್ದರು. ಒಲೆಯೊಂದಿದ್ದರೆ ದೋಣಿ ನಡೆಯುತ್ತದೆಯೇ?

ಹೋಟೆಲು ಎದ್ದು ನಿಂತ ಮೇಲೆ ಅದರ ಅಡುಗೆಮನೆ ನೋಡಿಕೊಳ್ಳುವ ಮಿಸ್ ಡೇಕ್ರಸ್ ಅವಳನ್ನು ಹುಡುಕಿಕೊಂಡು ಬಂದಳು. ನಮ್ಮ ದೇಶದವಳೇ, ಇಸ್ತ್ರಿ ಹಾಕಿದ ಅಂಗಿ, ದಣಿದ ಕಣ್ಣು. ಪ್ರತಿ ಶನಿವಾರ ಅತಿಥಿಗಳಿಗಾಗಿ ಅದೇ ಮರದಡಿ ದೋಣಿ ನಡೆಸಬೇಕಂತೆ, ಮಿಸ್ ಐಸಿಯೇ ಆಗಬೇಕಂತೆ. ಮಿಸ್ ಐಸಿಗೆ ಈಗಿನ ಮನೆಗೆ ಬಾಡಿಗೆ ಕೊಡುವ ದಾರಿ ಬೇರೆ ಇರಲಿಲ್ಲ. ಆದರೂ ಫಾನ್ಸೊನನ್ನು ಕೇಳದೆ ಹೂಂ ಅನ್ನಲಿಲ್ಲ.

"ಹೋಗು," ಎಂದ ಅವನು. "ಬೇಯ್ಸೋಕೆ ನಿಂಗೆ ಬರತ್ತೆ, ಹಸ್ಕೊಂಡಿರೋಕೆ ಬರಲ್ಲ. ಆದ್ರೆ ಒಂದ್ಮಾತು. ನಾನೂ ಹಾಕ್ತೀನಿ. ನನ್ ತಟ್ಟೆ ಇರ್ಬೇಕು."

"ಇರತ್ತೆ."

"ಬೇಲಿ ಒಳಗೇ ಬೇಯ್ಲಿ, ನಂಗೇನು. ತಟ್ಟೆ ಆಚೆ ಬಂದ್ರೆ ಸಾಕು."

"ಇರತ್ತೆ ಅಂದ್ನಲ್ಲೋ. ಇಷ್ಟು ವರ್ಷ ತಪ್ಪಿಸಿದೀನಾ?"

ಮೊದಲ ಶನಿವಾರ ಎರಡು ಗಂಟೆಗೆ ಫಾನ್ಸೊ ಊರುಗೋಲೆಳೆಯುತ್ತ ಹಿಂದಿನ ಗೇಟಿಗೆ ಬಂದ. ಎಲೆಯಲ್ಲಿ ಸುತ್ತಿದ ಒಂದು ಕೆಂಬೇರಿ ಮೀನು ತಂದಿದ್ದ. ವಾರವೆಲ್ಲ ಕೂತು ಒಂದು ಬುಟ್ಟಿ ಹೆಣೆದಿದ್ದಕ್ಕೆ ಸೈಕಲ್ಲಿನ ಮೀನಿನವನು ಕೊಟ್ಟದ್ದು. ಮಿಸ್ ಐಸಿ ಓಡಿ ಬಂದು ಇಸಿದುಕೊಂಡಳು, ಹೊಸ ಸಮವಸ್ತ್ರದ ಜೇಬಿಗೆ ತುರುಕಿ ಒಳಗೊಯ್ದು, ಹುರುಪೆ ತೆಗೆದು ಪಾತ್ರೆಗೆ ಬಿಟ್ಟಳು.

ಮರದಡಿ ಬಿಳಿಯ ಬಟ್ಟೆ ಹಾಸಿದ ಮೇಜುಗಳಿದ್ದವು. ಮುಂಚೆಯೇ ಹೆಚ್ಚಿಟ್ಟ ತರಕಾರಿಯ ಬುಟ್ಟಿಯಿತ್ತು. ಅತಿಥಿಗಳು ಸಾಲಾಗಿ ಬಂದು, ಹೋಟೆಲಿನದೇ ಬುಟ್ಟಿಯಿಂದ ಒಂದೊಂದು ಕ್ಯಾರೆಟ್ ಹೋಳು ಎತ್ತಿ ಪಾತ್ರೆಗೆ ಹಾಕಿ, ಫೋಟೊ ತೆಗೆಸಿಕೊಂಡು ಚಪ್ಪಾಳೆ ತಟ್ಟಿದರು. ಅವರು ಕೆಟ್ಟವರೇನಲ್ಲ. ಒಬ್ಬ ಮುದುಕಿಯಂತೂ ಮಿಸ್ ಐಸಿಯ ಕೈ ಹಿಡಿದು, ಇಷ್ಟು ಪ್ರೀತಿಯ ಊಟ ಜನ್ಮದಲ್ಲಿ ಉಂಡಿಲ್ಲ ಎಂದು ಕಣ್ಣೊರೆಸಿಕೊಂಡಳು. ಮಿಸ್ ಐಸಿಗೆ ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಬಡಿಸಿ ಮುಗಿದ ಮೇಲೆ ಅವಳು ಒಂದು ತಟ್ಟೆ ತುಂಬಿದಳು. ಮೀನಿನ ತಲೆ, ಎರಡು ಹಿಟ್ಟಿನುಂಡೆ, ಗೆಡ್ಡೆಯ ದಪ್ಪ ಹೋಳು. ಬಾದಾಮಿ ಎಲೆ ಕಿತ್ತು ಮುಚ್ಚಿದಳು. ಗೇಟಿನ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳಷ್ಟೆ.

"ಯಾರ್ದು ಅದು, ಮಿಸ್ ಐಸಿ?" ಮಿಸ್ ಡೇಕ್ರಸ್ ಎದುರಿಗಿದ್ದಳು.

"ಹಾಕ್ದೋನ್ದು."

"ಯಾವ ಕೋಣೆ ಅತಿಥಿ?"

"ಅತಿಥಿ ಅಲ್ಲಮ್ಮ. ನಮ್ ಫಾನ್ಸೊ. ಮೀನು ಹಾಕಿದಾನೆ, ಆ ಗೇಟ್ ಹತ್ರ ಕೂತಿದಾನೆ. ಕೊಟ್ಟು ಬಂದ್ಬಿಡ್ತೀನಿ."

"ಹೊರಗಿನ ಮೀನಾ?" ಮಿಸ್ ಡೇಕ್ರಸ್ ದನಿ ತಗ್ಗಿಸಿದಳು. "ನಾನು ಅದ್ನ ಕೇಳ್ಲೇ ಇಲ್ಲ ಅನ್ಕೋತೀನಿ. ಆದ್ರೆ ಊಟ ಗೇಟ್ ದಾಟೋ ಹಾಗಿಲ್ಲ ತಾಯಿ. ನಮ್ಮಮ್ಮನೂ ಹಿಂಗೇ ಪಾತ್ರೆ ಇಟ್ಟೋಳು, ನಂಗೆ ಗೊತ್ತಾಗತ್ತೆ. ಮೇಲೆ ಕ್ಯಾಮೆರಾ ಇದೆ ನೋಡು. ನಿನ್ ಕೆಲ್ಸ ಒಂದೇ ಅಲ್ಲ, ನನ್ದೂ ಹೋಗತ್ತೆ. ನಂಗೆ ಇಬ್ರು ಮಕ್ಳು."

ಮಿಕ್ಕಿದ್ದನ್ನೆಲ್ಲ ಕಸದ ತೊಟ್ಟಿಗೆ ಹಾಕಿ ಮೇಲೆ ಸಾಬೂನು ನೀರು ಸುರಿಯಬೇಕು, ಕೆಲಸದವರು ಎತ್ತಿಕೊಳ್ಳದಿರಲಿ ಎಂದು. ಅದು ಅಲ್ಲಿಯ ಕಟ್ಟಳೆ. ಮಿಸ್ ಡೇಕ್ರಸ್ ಮುಖ ಆ ಕಡೆ ತಿರುಗಿಸಿ ನಿಂತಳು. ಮಿಸ್ ಐಸಿ ಎಲೆ ತೆಗೆದಳು, ತಟ್ಟೆಯನ್ನು ತೊಟ್ಟಿಗೆ ಬಗ್ಗಿಸಿದಳು, ತಾನೇ ಸಾಬೂನು ನೀರು ಸುರಿದಳು.

ಐದು ಗಂಟೆಗೆ ಗೇಟಿನಲ್ಲಿ ಅವಳ ಚೀಲ ತಡಕಿ ಹೊರಗೆ ಬಿಟ್ಟರು. ಫಾನ್ಸೊ ಬೋರಲು ಹಾಕಿದ ಡಬ್ಬದ ಮೇಲೆ ಬಿಸಿಲಲ್ಲಿ ಕೂತೇ ಇದ್ದ. ಅವಳ ಬರಿಗೈ ನೋಡಿದ.

"ಚೆಲ್ದೆ," ಎಂದಳು.

"ಯಾರು, ಅವ್ರಾ?"

"ನಾನೇ. ಇದೇ ಕೈಲಿ."

ಅವನು ಊರುಗೋಲು ಹತ್ತಿರ ಎಳೆದುಕೊಂಡ. "ಮೀನು ಹೆಂಗಿತ್ತು?" ಎಂದು ಕೇಳಿದ.

"ಚೆನ್ನಾಗಿತ್ತು ಕಣೋ." ಹಾಗೆನ್ನುವಾಗ ಅವಳಿಗೆ ಅಳು ಬಂತು. ಬೀದಿಯಲ್ಲೇ ಅತ್ತಳು.

ಮರುದಿನ ಚರ್ಚಿನಿಂದ ಬಂದವಳೇ ತನ್ನ ಮನೆಯಲ್ಲಿ ಅನ್ನ, ಕೋಳಿ ಬೇಯಿಸಿ ಅವನ ಕೋಣೆಗೆ ಒಯ್ದಳು. ಅವನು ತಟ್ಟೆಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ. "ಇದ್ರಲ್ಲಿ ನಾನು ಹಾಕಿದ್ದು ಏನಿದೆ ಐಸಿ? ಭಿಕ್ಷೆ ಊಟ ಅಭ್ಯಾಸ ಮಾಡಿಸ್ಬೇಡ. ಶನಿವಾರ ಮತ್ತೆ ತರ್ತೀನಿ. ಒಂದಿನ ಅಲ್ಲ ಒಂದಿನ ತಟ್ಟೆ ಆಚೆ ಬರತ್ತೆ."

ಅವಳು ವಾರವಿಡೀ ಅದನ್ನೇ ಯೋಚಿಸಿದಳು. ಇಸಿದುಕೊಂಡರೆ ಕೊಡಬೇಕು. ಕೊಡಲಾರಳು. ಇಸಿದುಕೊಂಡು ಕೊಡದೆ, ತೊಟ್ಟಿಗೆ ಸುರಿಯುತ್ತ ಇನ್ನೆಷ್ಟು ಶನಿವಾರ? ಎತ್ತ ತಿರುಗಿಸಿ ನೋಡಿದರೂ ಬಾಗಿಲು ಒಂದೇ ಇತ್ತು, ಅದೂ ಮುಚ್ಚುವ ಬಾಗಿಲು.

ಶನಿವಾರ ಎರಡು ಗಂಟೆಗೆ ಅವನು ಬಂದ. ಎಲೆ ಸುತ್ತಿದ ಮೀನನ್ನು ಗೇಟಿನ ಸರಳಿನ ಸಂದಿಯಿಂದ ಚಾಚಿದ. ಹೋದ ವಾರದ್ದಕ್ಕಿಂತ ಸಣ್ಣದು.

ಮಿಸ್ ಐಸಿ ಕೈ ಮುಂದೆ ಮಾಡಲಿಲ್ಲ. "ಬೇಡ ಫಾನ್ಸೊ."

"ಸಣ್ದು ಅಂತಾನಾ?"

"ಅಲ್ಲ."

ಅವನು ಮೀನನ್ನು ಕಂಕುಳಲ್ಲಿ ಅದುಮಿ ಹಿಡಿದು, ಅಂಗಿಯ ಜೇಬಿನಿಂದ ಒಂದು ಎಸಳು ಈರುಳ್ಳಿ ಸೊಪ್ಪು ತೆಗೆದ. ಕೋಣೆಯ ಹಿಂದೆ ಮತ್ತೆ ಡಬ್ಬಿಯಲ್ಲಿ ನೆಟ್ಟಿದ್ದಿರಬೇಕು. "ಇದಾದ್ರೂ ತಗೋ. ತಲೆ ಕೇಳಲ್ಲ."

"ಬೇಡ ಕಣೋ. ಏನೂ ತರ್ಬೇಡ ಇನ್ಮೇಲೆ."

ಬೆಂಕಿಪೊಟ್ಟಣಕ್ಕೂ ಇಲ್ಲವೆನ್ನದ ಹೆಂಗಸು. ಫಾನ್ಸೊ ಅವಳ ಮುಖ ನೋಡಿದ, ಅರ್ಥವಾಯಿತು. ಸೊಪ್ಪನ್ನು ಮತ್ತೆ ಜೇಬಿಗಿಟ್ಟುಕೊಂಡು, ಊರುಗೋಲು ಸರಿಮಾಡಿಕೊಂಡು, ರಸ್ತೆಯ ಕಡೆ ತಿರುಗಿದ. ಅವನು ತಿರುಗಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವಳು ಅಲ್ಲೇ ನಿಂತಿದ್ದಳು.

ಒಳಗಿನಿಂದ ಮಿಸ್ ಡೇಕ್ರಸ್ ಕರೆದಳು. ಅತಿಥಿಗಳು ಆಗಲೇ ಸಾಲು ನಿಂತಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಒಂದು ಹೋಳು ಕ್ಯಾರೆಟ್ ಇತ್ತು. ಮಿಸ್ ಐಸಿ ಹೋಗಿ ಪಾತ್ರೆಯ ಮುಚ್ಚಳ ತೆಗೆದಳು.